ನಿನ್ನೆ ಹೇಗಿತ್ತು, ಇವತ್ತು ಹೇಗಿದೆ: ಬೈಕು ಹೊರಡಿಸುವ ಮುನ್ನದ ತಪಾಸಣೆ

(ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲೆ ನಿಂತಿರುವ ಈ 100 ಸಿಸಿ ಗಾಡಿ ನಿಮ್ಮಲ್ಲೇ ಒಬ್ಬ ವಿದ್ಯಾರ್ಥಿಯದು. ಬೆಳಿಗ್ಗೆ ಊರಿನಿಂದ ಇಲ್ಲಿಗೆ ಓಡಿ ಬಂದಿದೆ. ಸಂಜೆ ಹಿಂದಿನ ಸೀಟಿನಲ್ಲಿ ಅವರ ತಂಗಿಯನ್ನು ಕೂರಿಸಿಕೊಂಡು ಅದೇ ದಾರಿಯಲ್ಲಿ ಮರಳಬೇಕಿದೆ. ಆ ಸಂಜೆಯ ಪ್ರಯಾಣಕ್ಕೆ ಇದನ್ನು ಅಣಿಗೊಳಿಸುವುದಷ್ಟೇ ಇವತ್ತಿನ ನನ್ನ ಉಪನ್ಯಾಸ. ಹತ್ತಿರ ಬಂದು ನೋಡಬೇಕೆನಿಸಿದವರು ಸಂಕೋಚವಿಲ್ಲದೆ ಬರಬಹುದು, ಏಕೆಂದರೆ ನಾನು ಹೇಳುವುದರಲ್ಲಿ ಬಹುಪಾಲು ಕಿವಿಗಿಂತ ಬೆರಳಿಗೆ ಬೇಗ ಅರ್ಥವಾಗುವಂಥದ್ದು.

ಮೊದಲೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ನಿನ್ನೆಯ ಗಾಡಿಯನ್ನೂ ಇವತ್ತಿನ ಗಾಡಿಯನ್ನೂ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ತಪಾಸಣೆ ಎಂದು ಹೆಸರು. ಸರ್ವಿಸ್ ಸೆಂಟರಿನವರು ನಿಮ್ಮ ಗಾಡಿಯನ್ನು ಮೂರು ತಿಂಗಳಿಗೊಮ್ಮೆ ನೋಡುತ್ತಾರೆ. ಅವರು ಎಷ್ಟೇ ನುರಿತವರಾಗಿದ್ದರೂ ನಿನ್ನೆ ಈ ಬ್ರೇಕ್ ಪೆಡಲ್ಲು ಎಷ್ಟು ಕೆಳಗೆ ಹೋಗುತ್ತಿತ್ತು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ದಿನವೂ ತುಳಿಯುವ ಕಾಲಿಗೆ ಮಾತ್ರ. ಹಾಗಾಗಿ ಈ ಐದು ನಿಮಿಷದ ಕೆಲಸವನ್ನು ಓಡಿಸುವವರು ಇನ್ನೊಬ್ಬರಿಗೆ ವಹಿಸಲು ಬರುವುದಿಲ್ಲ.

ನನಗೆ ಈ ರೂಢಿ ಬಂದದ್ದು ಸೋದರಮಾವನಿಂದ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ಮೊದಲು ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. ಅಲ್ಲಿಂದ ಬಂದ ಒಂದು ಯೆಜ್ಡಿ ಮಾವನ ಬಳಿ ಇತ್ತು. ಟೂ ಸ್ಟ್ರೋಕ್ ಎಂಜಿನ್ನಾದ್ದರಿಂದ ಪೆಟ್ರೋಲಿಗೆ ಆಯಿಲನ್ನು ಅಳೆದು ಬೆರೆಸಬೇಕಿತ್ತು, ಪೆಟ್ರೋಲಿನ ನಲ್ಲಿಯನ್ನು ಬಗ್ಗಿ ತಿರುಗಿಸಬೇಕಿತ್ತು, ಗೇರಿನ ಸನ್ನೆಯನ್ನೇ ಮೇಲಕ್ಕೆತ್ತಿ ಕಿಕ್ಕರ್ ಮಾಡಿಕೊಳ್ಳಬೇಕಿತ್ತು. ಇಷ್ಟಕ್ಕೆಲ್ಲ ಗಾಡಿಯ ಪಕ್ಕದಲ್ಲಿ ಬಗ್ಗಿ ನಿಂತಾಗ ಸಡಿಲವಾದ ನಟ್ಟು, ಒಸರಿದ ಆಯಿಲು, ಇಳಿದ ಗಾಳಿ ತಾನಾಗಿಯೇ ಕಣ್ಣಿಗೆ ಬೀಳುತ್ತಿದ್ದವು. ಇವತ್ತಿನ ಗಾಡಿಗಳು ಅಂಥದ್ದೇನನ್ನೂ ಕೇಳುವುದಿಲ್ಲ. ಗುಂಡಿ ಒತ್ತಿದರೆ ಚಾಲೂ ಆಗುತ್ತವೆ. ಅದು ಒಳ್ಳೆಯದೇ. ಆದರೆ ಬಗ್ಗುವ ಕಾರಣ ಇಲ್ಲವಾದ ಮೇಲೆ ಬಗ್ಗುವ ರೂಢಿಯೂ ಹೋಯಿತು, ಮತ್ತು ಚೈನು, ಬ್ರೇಕು, ಟೈರುಗಳು ಮಾವನ ಕಾಲದಲ್ಲಿ ಹೇಗೆ ಸವೆಯುತ್ತಿದ್ದವೋ ಹಾಗೆಯೇ ಈಗಲೂ ಸವೆಯುತ್ತಿವೆ.

ನೋಡಬೇಕಾದ ಜಾಗಗಳನ್ನು ಮರೆಯದಿರಲು ಬೇರೆ ಬೇರೆ ದೇಶಗಳಲ್ಲಿ ನೆನಪಿನ ಸೂತ್ರಗಳಿವೆ. ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ನಿನವರು ಟಿ-ಕ್ಲಾಕ್ಸ್ ಎಂಬ ಪದವನ್ನು ಕಲಿಸುತ್ತಾರೆ. ಟೈರು, ಹಿಡಿಕೆ-ಕೇಬಲ್ಲುಗಳು, ದೀಪ, ಆಯಿಲು, ಚಾಸಿಸ್, ಸ್ಟ್ಯಾಂಡು ಎಂಬ ಆರು ವಿಭಾಗಗಳು ಅದರಲ್ಲಿ ಅಡಗಿವೆ. ಜಪಾನಿನಲ್ಲಿ ಬೈಕು ಕಲಿಯುವವರು ‘ನೆನ್-ಓ-ಶಾ-ಚಿ-ಎ-ಬು-ಕು-ತೋ-ಬಾ-ಶಿಮೆ’ ಎಂದು ಮಂತ್ರದಂತೆ ಬಾಯಿಪಾಠ ಮಾಡುತ್ತಾರೆ. ಇಂಧನ, ಆಯಿಲು, ಚಕ್ರ, ಚೈನು, ಎಂಜಿನ್, ಬ್ರೇಕು, ಕ್ಲಚ್ಚು, ದೀಪ, ಬ್ಯಾಟರಿ ಎಂದು ಸಾಗುವ ಆ ಸೂತ್ರದ ಕೊನೆಯ ‘ಶಿಮೆ’ ಎಂದರೆ ಬಿಗಿತ, ಅಂದರೆ ಎಲ್ಲ ನಟ್ಟು ಬೋಲ್ಟುಗಳು ಬಿಗಿಯಾಗಿವೆಯೇ ಎಂಬ ಪ್ರಶ್ನೆ. ಈ ಕೊನೆಯ ಪದದ ಬಗ್ಗೆ ಮುಂದೆ ಒಂದು ಸಂಗತಿಯನ್ನು ಹೇಳುವುದಿದೆ.

ಕೆಲಸ ಗಾಡಿಯಿಂದಲ್ಲ, ಅದು ರಾತ್ರಿ ನಿಂತಿದ್ದ ನೆಲದಿಂದ ಆರಂಭವಾಗಲಿ. ಗಾಡಿಯನ್ನು ಎರಡಡಿ ಮುಂದಕ್ಕೆ ತಳ್ಳಿ ನೆಲ ನೋಡಿ. ಎಂಜಿನ್ನಿನ ಕೆಳಗೆ ಆಯಿಲಿನ ಹನಿ ಬಿದ್ದಿದ್ದರೆ, ಪೆಟ್ರೋಲಿನ ವಾಸನೆ ಬಂದರೆ, ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಜಿಡ್ಡಿನ ಉಂಗುರ ಮೂಡಿದ್ದರೆ ಇವತ್ತು ವಿಚಾರಿಸಬೇಕಾದದ್ದು ಏನೋ ಇದೆ ಎಂದರ್ಥ.

ಇನ್ನು ಟೈರು. ನಮ್ಮಲ್ಲಿ ಗಾಳಿ ನೋಡಿಸುವುದು ಪೆಟ್ರೋಲ್ ಬಂಕಿನಲ್ಲಿ, ಅದೂ ಐದಾರು ಕಿಲೋಮೀಟರ್ ಓಡಿಸಿಕೊಂಡು ಹೋದ ಮೇಲೆ. ಓಡಿದ ಟೈರು ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಒತ್ತಡ ಹೆಚ್ಚು ತೋರುತ್ತದೆ. ಕಂಪನಿಯವರು ಬರೆದ ಅಂಕಿ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ಆದ್ದರಿಂದ ಜೇಬಿನಲ್ಲಿ ಹಿಡಿಸುವ ಒಂದು ಗೇಜನ್ನು ಕೊಂಡು ಮನೆಯಲ್ಲೇ, ಹೊರಡುವ ಮುನ್ನ ಅಳೆಯಿರಿ. ಇಂಥ ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದಿನ ಟೈರಿಗೆ 25 ಪಿಎಸ್‌ಐ, ಒಬ್ಬರೇ ಕೂರುವಾಗ ಹಿಂದಿನದಕ್ಕೆ 28 ಪಿಎಸ್‌ಐ ಆಸುಪಾಸಿನಲ್ಲಿ ಹೇಳಿರುತ್ತಾರೆ. ಇಬ್ಬರು ಕೂರುವಾಗ ಹಿಂದಿನ ಅಂಕಿ ಬೇರೆ, ಅದು ಇನ್ನೂ ಹೆಚ್ಚು. ನಿಮ್ಮ ಗಾಡಿಯ ಅಂಕಿಯನ್ನು ಕೈಪಿಡಿಯಲ್ಲಿ ಅಥವಾ ಗಾಡಿಗೆ ಅಂಟಿಸಿದ ಚೀಟಿಯಲ್ಲಿ ಓದಿಕೊಳ್ಳಿ, ಗೆಳೆಯರ ಗಾಡಿಯ ಅಂಕಿಯನ್ನು ಎರವಲು ತರಬೇಡಿ.

ಗಾಳಿ ನೋಡುವಾಗಲೇ ಗಮನಿಸಬೇಕಾದ ಒಂದು ಗುರುತನ್ನು ತೋರಿಸುತ್ತೇನೆ. ಟ್ಯೂಬ್ ಇರುವ ಟೈರಿನಲ್ಲಿ ಗಾಳಿ ತುಂಬುವ ವಾಲ್ವ್ ರಿಮ್ಮಿನಿಂದ ನೇರವಾಗಿ ಚಕ್ರದ ನಡುವಿನ ಕಡೆಗೆ ಮುಖ ಮಾಡಿರಬೇಕು. ಅದು ಒಂದು ಬದಿಗೆ ವಾಲಿದ್ದರೆ, ಗಾಳಿ ಕಡಿಮೆಯಿದ್ದಾಗ ಬ್ರೇಕ್ ಹಿಡಿದು ಹಿಡಿದು ಟೈರು ರಿಮ್ಮಿನ ಮೇಲೆ ಜಾರಿದೆ, ತನ್ನೊಂದಿಗೆ ಟ್ಯೂಬನ್ನೂ ಎಳೆದುಕೊಂಡಿದೆ ಎಂದು ತಿಳಿಯಬೇಕು. ಇನ್ನಷ್ಟು ಜಾರಿದರೆ ವಾಲ್ವಿನ ಬುಡದಲ್ಲಿ ಟ್ಯೂಬು ಹರಿದು, ಓಡುತ್ತಿರುವಾಗಲೇ ಗಾಳಿ ಪೂರ್ತಿ ಹೋಗುತ್ತದೆ. ಮೊಳೆ ಚುಚ್ಚಿದ ಪಂಕ್ಚರಿಗಿಂತ ಇದು ಅಪಾಯಕಾರಿ. ಅದೃಷ್ಟಕ್ಕೆ ಇದು ಒಂದೇ ದಿನದಲ್ಲಿ ಆಗುವುದಿಲ್ಲ. ವಾಲ್ವು ದಿನದಿನಕ್ಕೆ ಇಷ್ಟಿಷ್ಟೇ ಓರೆಯಾಗುತ್ತ ಬರುತ್ತದೆ, ನಿನ್ನೆಯದನ್ನು ನೆನಪಿಟ್ಟವರಿಗೆ ಮೊದಲೇ ಕಾಣಿಸುತ್ತದೆ.

ಸವೆತದ ಬಗ್ಗೆ ನಮ್ಮ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನದ ಟೈರಿನ ಮೇಲಿನ ತೋಡುಗಳ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆನ್ನುತ್ತವೆ. ಟೈರಿನ ಪಕ್ಕದಲ್ಲಿ ಸಣ್ಣ ತ್ರಿಕೋನದ ಗುರುತಿದೆ. ಅದರ ನೇರಕ್ಕೆ ತೋಡಿನೊಳಗೆ ಒಂದು ದಿಬ್ಬವಿದೆ, ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯುಸ್ಸು ಮುಗಿಯಿತು. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಅಲ್ಲಿಯವರೆಗೂ ಕಾಯಬಾರದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ರಸ್ತೆಯ ಮೇಲಿನ ನೀರು ಹೊರಹೋಗಲು ಆ ತೋಡುಗಳ ಹೊರತು ಬೇರೆ ದಾರಿಯಿಲ್ಲ. ಕಡ್ಡಿಗಳಿರುವ ಚಕ್ರವಾದರೆ ಸ್ಪಾನರಿನಿಂದ ಒಂದೊಂದು ಕಡ್ಡಿಯನ್ನೂ ಮೆಲ್ಲಗೆ ತಟ್ಟಿ. ಬಿಗಿಯಾದದ್ದು ಟಿಣ್ಣೆನ್ನುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ.

ಈಗ ಹಿಂದಿನ ಚಕ್ರಕ್ಕೆ ಬರೋಣ. ಇವತ್ತಿನ ಮಾತಿನ ಬಹುಪಾಲು ಸಮಯವನ್ನು ನಾನು ಇಲ್ಲಿಗೆಂದೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಇಲ್ಲಿ ಚೈನು, ಬ್ರೇಕು, ಬ್ರೇಕ್ ಲೈಟು ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಒಂದನ್ನು ಸರಿಪಡಿಸಿದರೆ ಇನ್ನೊಂದರ ಹದ ತಪ್ಪುತ್ತದೆ. ಅವಸರದಲ್ಲಿ ಮೊದಲನೆಯದನ್ನು ಮಾತ್ರ ಮಾಡಿ ಹೊರಟವರೇ ಹೆಚ್ಚು.

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ಲಿಗೆ ತಂದಿದ್ದೇನೆ, ಎಂಜಿನ್ ಬಂದ್ ಆಗಿದೆ. ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬೆರಳು ತರಲೇಬಾರದು. ಚೈನಿಗೂ ಅದು ಸುತ್ತುವ ಹಲ್ಲುಚಕ್ರವಾದ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕಿ ಬೆರಳು ಕಳೆದುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೈನ್ ಕವರಿನ ಕೆಳಭಾಗದ ಈ ರಬ್ಬರ್ ಮುಚ್ಚಳವನ್ನು ತೆಗೆದರೆ ಕೆಳಗಿನ ಚೈನು ಕಾಣುತ್ತದೆ. ಎರಡು ಸ್ಪ್ರಾಕೆಟ್ಟುಗಳ ನಡುಮಧ್ಯದಲ್ಲಿ ಬೆರಳಿನಿಂದ ಮೇಲಕ್ಕೆ ತಳ್ಳಿ, ಕೆಳಕ್ಕೆ ಎಳೆದು, ಒಟ್ಟು ಆಟವನ್ನು ಸ್ಕೇಲಿನಲ್ಲಿ ಅಳೆಯುತ್ತೇನೆ: 42 ಮಿಲಿಮೀಟರ್. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ಅಳೆದರೆ ಒಂದು ಕಡೆ 36 ಬರುತ್ತದೆ. ಚೈನು ಎಲ್ಲೆಡೆ ಒಂದೇ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಅತಿ ಬಿಗಿಯಾದ ಜಾಗವನ್ನು ಹುಡುಕಿ, ಅದಕ್ಕೇ ಹದ ಕೂರಿಸಬೇಕು. ಬಹಳಷ್ಟು ಸಣ್ಣ ಗಾಡಿಗಳಿಗೆ 20ರಿಂದ 30 ಮಿಲಿಮೀಟರ್ ಸಡಿಲವನ್ನು ಹೇಳಿರುತ್ತಾರೆ.

ಸಡಿಲ ಏಕೆ ಬೇಕು, ಪೂರ್ತಿ ಬಿಗಿ ಮಾಡಿದರೆ ಸದ್ದೇ ಇರುವುದಿಲ್ಲವಲ್ಲ ಎಂದು ಒಬ್ಬರು ಈಗಷ್ಟೇ ಕೇಳಿದರು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ ಕೆಳಗೆ ಆಡುವುದು ಈ ಬೋಲ್ಟಿನ ಸುತ್ತ. ಎಂಜಿನ್ನಿನ ಸ್ಪ್ರಾಕೆಟ್ಟು ಇರುವುದು ಅದಕ್ಕಿಂತ ಮುಂದೆ. ಸೀಟಿನ ಮೇಲೆ ಭಾರ ಬಿದ್ದು ಸ್ಪ್ರಾಕೆಟ್ಟು, ಈ ಬೋಲ್ಟು, ಹಿಂದಿನ ಚಕ್ರದ ನಡುವಿನ ಆಕ್ಸೆಲ್ ಮೂರೂ ಒಂದೇ ಗೆರೆಗೆ ಬಂದಾಗ ಸ್ಪ್ರಾಕೆಟ್ಟಿನಿಂದ ಆಕ್ಸೆಲ್ಲಿಗಿರುವ ದೂರ ಅತಿ ಹೆಚ್ಚಾಗುತ್ತದೆ, ಚೈನು ಅತಿ ಬಿಗಿಯಾಗುತ್ತದೆ. ನಿಂತ ಗಾಡಿಯಲ್ಲಿ ನಾವು ಬಿಟ್ಟ ಸಡಿಲ ಖರ್ಚಾಗುವುದು ಆಗಲೇ. ಅದನ್ನು ಬಿಡದೆ ಬಿಗಿದರೆ, ತಂಗಿಯನ್ನು ಕೂರಿಸಿಕೊಂಡು ಗುಂಡಿಗೆ ಇಳಿಸಿದಾಗ ಚೈನು ತಂತಿಯಂತೆ ಸೆಟೆದು ಬೇರಿಂಗುಗಳನ್ನೂ ಗೇರ್ ಬಾಕ್ಸಿನ ಶಾಫ್ಟನ್ನೂ ಎಳೆಯುತ್ತದೆ. ಅತಿ ಸಡಿಲ ಬಿಟ್ಟರೆ ಹಲ್ಲು ತಪ್ಪಿ ಹೊರಬಿದ್ದು ಚಕ್ರವನ್ನೇ ಕಚ್ಚಿ ನಿಲ್ಲಿಸಬಹುದು.

ಆಕ್ಸೆಲ್ ನಟ್ಟನ್ನು ಸಡಿಲಿಸುತ್ತೇನೆ; ಇಂಥ ಗಾಡಿಗಳಲ್ಲಿ ಸ್ಪ್ರಾಕೆಟ್ ಬದಿಯ ಸ್ಲೀವ್ ನಟ್ಟನ್ನೂ, ಬ್ರೇಕ್ ಪ್ಲೇಟನ್ನು ಹಿಡಿದಿರುವ ಟಾರ್ಕ್ ಲಿಂಕಿನ ನಟ್ಟನ್ನೂ ಸಡಿಲಿಸಬೇಕು. ಈಗ ಎರಡೂ ಬದಿಯ ಅಡ್ಜಸ್ಟರ್ ನಟ್ಟುಗಳನ್ನು ಕಾಲು ಸುತ್ತಿನಂತೆ ಸಮನಾಗಿ ತಿರುಗಿಸುತ್ತ ಹೋಗಬೇಕು. ಸ್ವಿಂಗ್ ಆರ್ಮಿನ ಮೇಲೆ ಎರಡೂ ಕಡೆ ಗೆರೆಗಳಿವೆ. ಬಲಗಡೆ ಮೂರನೆಯ ಗೆರೆಯಾದರೆ ಎಡಗಡೆಯೂ ಮೂರನೆಯದೇ ಆಗಬೇಕು, ಇಲ್ಲವಾದರೆ ಚಕ್ರ ಓರೆಯಾಗಿ ಕೂತು ಚೈನಿನ ಒಂದೇ ಪಕ್ಕ ಸವೆಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ. ನಟ್ಟುಗಳನ್ನು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಅಳತೆ ಸ್ವಲ್ಪ ಜರುಗುತ್ತದೆ. ಈಗ 25 ಮಿಲಿಮೀಟರ್ ಬಂತು.

ಇಷ್ಟಾಗುವಾಗ ಚಕ್ರ ಹಿಂದಕ್ಕೆ ಸರಿಯಿತಲ್ಲವೇ? ಬ್ರೇಕಿನ ಕಡ್ಡಿಯ ಒಂದು ತುದಿ ಪೆಡಲ್ಲಿಗೆ, ಇನ್ನೊಂದು ತುದಿ ಚಕ್ರದ ಡ್ರಮ್ಮಿನ ಬಳಿಯ ಸನ್ನೆಗೆ ಸೇರಿದೆ. ಚಕ್ರ ಹಿಂದೆ ಹೋದಷ್ಟೂ ಆ ಕಡ್ಡಿ ಎಳೆದಂತಾಗಿ ಪೆಡಲ್ಲಿನ ಸಡಿಲ ಕಡಿಮೆಯಾಗುತ್ತದೆ. ನೋಡಿ, ನಾನು ಚಕ್ರವನ್ನು ಕೈಯಿಂದ ಸುತ್ತಿದರೆ ಒಂದೂವರೆ ಸುತ್ತಿಗೇ ನಿಲ್ಲುತ್ತಿದೆ, ಒಳಗಿನಿಂದ ಸರಸರ ಸದ್ದು ಬರುತ್ತಿದೆ. ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿದೆ. ಹೀಗೆಯೇ ಹೊರಟರೆ ಡ್ರಮ್ಮು ಬಿಸಿಯಾಗಿ, ಮೈಲೇಜು ಇಳಿದು, ಕೊನೆಗೆ ಬೇಕಾದ ಹೊತ್ತಿಗೆ ಬ್ರೇಕೇ ಹಿಡಿಯದಂತಾಗಬಹುದು. ಕಡ್ಡಿಯ ತುದಿಯ ನಟ್ಟನ್ನು ಹಿಂದಕ್ಕೆ ತಿರುಗಿಸಿ, ಬ್ರೇಕು ಹಿಡಿಯುವ ಮುನ್ನ ಪೆಡಲ್ಲು 20ರಿಂದ 30 ಮಿಲಿಮೀಟರ್ ಖಾಲಿ ಇಳಿಯುವಂತೆ ಮಾಡಬೇಕು. ಹಾಗೆಯೇ ಬ್ರೇಕನ್ನು ಪೂರ್ತಿ ತುಳಿದಾಗ ಡ್ರಮ್ಮಿನ ಪ್ಲೇಟಿನ ಮೇಲಿರುವ ಬಾಣದ ಗುರುತು ಕೊನೆಯ ಗೆರೆಯನ್ನು ಮುಟ್ಟುತ್ತದೆಯೇ ನೋಡಿ. ಮುಟ್ಟಿದರೆ ಒಳಗಿನ ಲೈನರ್ ಮುಗಿದಿದೆ, ನಟ್ಟು ತಿರುಗಿಸಿ ಕಾಲ ತಳ್ಳುವುದರಲ್ಲಿ ಅರ್ಥವಿಲ್ಲ. 1 ಏಪ್ರಿಲ್ 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಡ್ಡಾಯವಾದ ಜಂಟಿ ಬ್ರೇಕಿನಲ್ಲಿ ಹಿಂದಿನ ಪೆಡಲ್ಲೇ ಮುಂದಿನ ಬ್ರೇಕನ್ನೂ ಎಳೆಯುವುದರಿಂದ, ಅಂಥವುಗಳಲ್ಲಿ ಎರಡರ ಅಳತೆಯನ್ನೂ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಕೂರಿಸಬೇಕು.

ಪೆಡಲ್ಲಿನ ಹದ ಬದಲಾದದ್ದರಿಂದ ಮೂರನೆಯ ಕೊಂಡಿಯಾದ ಬ್ರೇಕ್ ಲೈಟನ್ನೂ ನೋಡಲೇಬೇಕು. ಬ್ರೇಕು ಹಿಡಿಯುವುದಕ್ಕೆ ತುಸು ಮೊದಲೇ ದೀಪ ಹೊತ್ತಬೇಕು, ಕಾಲು ತೆಗೆದ ಕೂಡಲೇ ಆರಬೇಕು. ಪೆಡಲ್ಲಿಗೆ ಸ್ಪ್ರಿಂಗಿನಿಂದ ಕಟ್ಟಿರುವ ಈ ಸಣ್ಣ ಸ್ವಿಚ್ಚಿನ ಸುತ್ತ ಪ್ಲಾಸ್ಟಿಕ್ಕಿನ ನಟ್ಟಿದೆ. ಸ್ವಿಚ್ಚನ್ನು ಒಂದು ಕೈಯಲ್ಲಿ ಅಲುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಿ. ಸ್ವಿಚ್ಚೇ ತಿರುಗಿದರೆ ಒಳಗಿನ ವೈರು ತಿರುಚಿ ತುಂಡಾಗುತ್ತದೆ. ದೀಪ ಸದಾ ಉರಿಯುತ್ತಲೇ ಇದ್ದರೆ ಹಿಂದಿನಿಂದ ಬರುವ ಬಸ್ಸಿನ ಚಾಲಕರಿಗೆ ನೀವು ಯಾವಾಗ ನಿಧಾನಿಸುತ್ತೀರಿ ಎಂಬುದು ತಿಳಿಯುವುದೇ ಇಲ್ಲ.

ಈಗ ಜಪಾನೀ ಸೂತ್ರದ ಕೊನೆಯ ಪದಕ್ಕೆ ಮರಳುತ್ತೇನೆ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ಸಕಲೇಶಪುರದ ಸಮೀಪ ನನ್ನ ಗಾಡಿಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯೊಂದರಲ್ಲಿ ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಚಕ್ರ ಬಿಚ್ಚಿ, ತೇಪೆ ಹಾಕಿ, ಮತ್ತೆ ಕೂರಿಸಿಕೊಟ್ಟರು; ಮಳೆಯಲ್ಲಿ ನೆನೆಯುತ್ತ ಅವರು ಮಾಡಿಕೊಟ್ಟ ಕೆಲಸಕ್ಕೆ ನಾನು ಈಗಲೂ ಕೃತಜ್ಞ. ರಾತ್ರಿ ಅಲ್ಲೇ ಪರಿಚಿತರ ಮನೆಯಲ್ಲಿ ಉಳಿದು, ಬೆಳಿಗ್ಗೆ ಶಿರಾಡಿ ಘಾಟಿ ಇಳಿಯುವ ಮೊದಲು ಎಂದಿನಂತೆ ಹಿಂದಿನ ಚಕ್ರದ ಬಳಿ ಕೂತು ಬೆರಳಾಡಿಸಿದೆ. ಟಾರ್ಕ್ ಲಿಂಕಿನ ಬೋಲ್ಟಿನ ತುದಿಯಲ್ಲಿ, ನಟ್ಟು ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ನಿನ ಎರಡು ಕಾಲುಗಳು ಬೆರಳಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ತೂತು ಖಾಲಿಯಿತ್ತು, ನಟ್ಟು ಕೈಬೆರಳಿಗೇ ತಿರುಗುತ್ತಿತ್ತು.

ಆ ಲಿಂಕ್ ಕಳಚಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ಗಾಡಿಯಲ್ಲೇ ತೋರಿಸುತ್ತೇನೆ. ಬ್ರೇಕು ಹಿಡಿದಾಗ ಶೂಗಳು ಡ್ರಮ್ಮನ್ನು ಕಚ್ಚುತ್ತವೆ. ಡ್ರಮ್ಮು ಆ ಪ್ಲೇಟನ್ನೂ ತನ್ನ ಜೊತೆ ಸುತ್ತಿಸಲು ನೋಡುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಈ ಒಂದು ಲಿಂಕ್ ಮಾತ್ರ. ಅದಿಲ್ಲದಿದ್ದರೆ ಪ್ಲೇಟು ಸುತ್ತಿ, ಬ್ರೇಕಿನ ಕಡ್ಡಿಯನ್ನು ತನಗೆ ಸುತ್ತಿಕೊಂಡು, ಚಕ್ರ ಗಕ್ಕನೆ ನಿಲ್ಲುತ್ತದೆ. ಇಳಿಜಾರಿನ ಒದ್ದೆ ತಿರುವಿನಲ್ಲಿ ಹಾಗಾಗಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ. ಆ ಪಿನ್ನನ್ನು ಹಿಂದೊಮ್ಮೆ ನಾನೇ ಬಗ್ಗಿಸಿ ಕೂರಿಸಿದ್ದೆ, ಅಲ್ಲಿ ಅದು ಇರಬೇಕೆಂದು ನನ್ನ ಬೆರಳಿಗೆ ಗೊತ್ತಿತ್ತು. ಚಕ್ರ ಬಿಚ್ಚಿದ ಯಾವ ಕೆಲಸದ ನಂತರವಾದರೂ, ಮಾಡಿದವರು ಯಾರೇ ಆಗಿರಲಿ, ಆಕ್ಸೆಲ್ ನಟ್ಟು ಮತ್ತು ಈ ಲಿಂಕಿನ ನಟ್ಟು-ಪಿನ್ನುಗಳನ್ನು ಮುಟ್ಟಿ ನೋಡದೆ ಹೊರಡಬೇಡಿ. ಪಿನ್ನಿನ ಬೆಲೆ ಒಂದೆರಡು ರೂಪಾಯಿ. ನಾಲ್ಕನ್ನು ಟೂಲ್ ಪೌಚಿನಲ್ಲಿ ಇಟ್ಟುಕೊಳ್ಳಿ.

ಮುಂಭಾಗದಲ್ಲಿ ಕೆಲಸ ಕಡಿಮೆ. ಕ್ಲಚ್ ಲಿವರಿನ ತುದಿಯಲ್ಲಿ ಇಂಥ ಗಾಡಿಗಳಿಗೆ 10ರಿಂದ 20 ಮಿಲಿಮೀಟರ್ ಸಡಿಲವಿರಬೇಕು. ಇಲ್ಲದಿದ್ದರೆ ಪ್ಲೇಟು ಸದಾ ಅರ್ಧ ಬಿಟ್ಟಂತಿದ್ದು ಸುಟ್ಟುಹೋಗುತ್ತದೆ, ಹೆಚ್ಚಾದರೆ ನ್ಯೂಟ್ರಲ್ಲೇ ಸಿಗುವುದಿಲ್ಲ. ಕೇಬಲ್ಲಿನ ತುದಿಯ ಒಂದೆರಡು ಎಳೆ ಬಿಟ್ಟುಕೊಂಡಿದ್ದರೆ ಅವತ್ತೇ ಬದಲಿಸಿ. ಆಕ್ಸಿಲರೇಟರನ್ನು ತಿರುಗಿಸಿ ಕೈಬಿಟ್ಟರೆ ಅದು ತಾನಾಗಿ ಹಿಂದಿರುಗಬೇಕು. ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿದಾಗ ಎಂಜಿನ್ನಿನ ಸದ್ದು ಏರಿದರೆ ಕೇಬಲ್ಲು ಎಲ್ಲೋ ಸಿಕ್ಕಿ ಎಳೆಯುತ್ತಿದೆ. ತಿರುವಿನಲ್ಲಿ ಗಾಡಿ ತಾನೇ ಮುನ್ನುಗ್ಗಲು ಅಷ್ಟೇ ಸಾಕು. ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಜಗ್ಗಿದಾಗ ಹ್ಯಾಂಡಲಿನ ಬುಡದಲ್ಲಿ ಕಟಕಟ ಎಂದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗು, ಸಡಿಲವಾಗಿದೆ. ಡಿಸ್ಕ್ ಬ್ರೇಕಿದ್ದವರು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಬ್ರೇಕ್ ಆಯಿಲಿನ ಮಟ್ಟವನ್ನು ಸಣ್ಣ ಕಿಟಕಿಯಲ್ಲಿ ನೋಡಿಕೊಳ್ಳಿ. ಅದು ತೇವ ಹೀರುವ ಗುಣದ್ದು, ಆದ್ದರಿಂದ ಮಟ್ಟ ಸರಿಯಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ.

ಎಂಜಿನ್ ಆಯಿಲಿನ ಬಗ್ಗೆ ಒಂದೇ ಮಾತು: ಗಾಡಿ ಸಮತಟ್ಟಾದ ನೆಲದಲ್ಲಿ ಡಬಲ್ ಸ್ಟ್ಯಾಂಡಿನ ಮೇಲಿರಲಿ, ಮತ್ತು ನಿಮ್ಮ ಕೈಪಿಡಿಯಲ್ಲಿ ಕಡ್ಡಿಯನ್ನು ತಿರುಪದೆ ಸುಮ್ಮನೆ ಇಳಿಸಿ ಅಳೆಯಲು ಹೇಳಿದ್ದರೆ ಹಾಗೆಯೇ ಮಾಡಿ, ತಿರುಪಿ ಅಳೆದರೆ ಇಲ್ಲದ ಆಯಿಲು ಇದ್ದಂತೆ ತೋರುತ್ತದೆ. ದೀಪಗಳ ವಿಷಯ ನಿಮಗೆ ಗೊತ್ತಿರುವುದೇ. ಆದರೆ 2017ರ ಏಪ್ರಿಲ್‌ನಿಂದ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲಲ್ಲೂ ತಾನಾಗಿ ಉರಿಯುವುದರಿಂದ ಡಿಮ್ಮು, ಬ್ರೈಟು ಎರಡನ್ನೂ ಹಾಕಿ ನೋಡುವುದನ್ನು ಜನ ಬಿಟ್ಟಿದ್ದಾರೆ, ಒಂದು ಹೋಗಿರುವುದು ಕತ್ತಲಾದ ಮೇಲೆಯೇ ಗೊತ್ತಾಗುತ್ತದೆ.

ಇನ್ನು ತಂಗಿಗಾಗಿ ಮಾಡಬೇಕಾದದ್ದು. ಹಿಂದಿನ ಟೈರಿಗೆ ಇಬ್ಬರು ಕೂರುವಾಗಿನ ಅಂಕಿಯಷ್ಟು ಗಾಳಿ ಹಾಕಬೇಕು. ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳ ಕೆಳಗಿನ ಉಂಗುರವನ್ನು ಒಂದು ಮೆಟ್ಟಿಲು ಮೇಲಕ್ಕೆ, ಎರಡೂ ಕಡೆ ಒಂದೇ ಮೆಟ್ಟಿಲಿಗೆ ತಿರುಗಿಸಬೇಕು. ಹಿಂದೆ ಭಾರ ಬಿದ್ದಾಗ ಮುಂದಿನ ದೀಪ ಮೇಲಕ್ಕೆ ಎತ್ತಿಕೊಂಡು ಎದುರಿನವರ ಕಣ್ಣು ಕುಕ್ಕುತ್ತದೆ, ಅದನ್ನು ತುಸು ತಗ್ಗಿಸಬೇಕು. ಕನ್ನಡಿಗಳನ್ನು ಇಬ್ಬರೂ ಕೂತ ಮೇಲೆಯೇ ಸರಿಪಡಿಸಿಕೊಳ್ಳಬೇಕು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗಕ್ಕೆ ಮರೆ, ಇವು ಮೂರನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮವೇ ಕಡ್ಡಾಯ ಮಾಡಿದೆ. ಅಂದಕ್ಕೆಂದು ಸ್ಯಾರಿ ಗಾರ್ಡ್ ಬಿಚ್ಚಿಟ್ಟವರು ಈ ಸಭೆಯಲ್ಲೂ ಇದ್ದೀರಿ. ದಯವಿಟ್ಟು ಮರಳಿ ಹಾಕಿಸಿ. ಸೆರಗಾಗಲಿ ವೇಲಾಗಲಿ ಕಡ್ಡಿಗಳ ನಡುವೆ ಸಿಕ್ಕಿದರೆ ಕೂತವರನ್ನು ಎಳೆದು ಕೆಡವಲು ಒಂದು ಸುತ್ತು ಸಾಕು.

ಉಳಿದಿರುವುದು ಓಡುತ್ತಲೇ ಮಾಡುವ ತಪಾಸಣೆ. ಸೈಡ್ ಸ್ಟ್ಯಾಂಡ್ ಮೇಲಕ್ಕೆ ಹೋಗಿದೆಯೇ ಎಂದು ಹಿಮ್ಮಡಿಯಿಂದ ತಡವಿ, ನಡಿಗೆಯ ವೇಗದಲ್ಲಿ ಹತ್ತು ಮೀಟರ್ ಹೋಗಿ, ಮುಂದಿನ ಬ್ರೇಕನ್ನು ಮೃದುವಾಗಿ ಒಮ್ಮೆ, ಹಿಂದಿನದನ್ನು ಒಮ್ಮೆ ಹಿಡಿಯಿರಿ. ಗಾಡಿ ತೊಳೆದ ದಿನ, ಆಯುಧಪೂಜೆಯ ಬೆಳಿಗ್ಗೆಯಂತೂ ಮುಖ್ಯವಾಗಿ, ಡ್ರಮ್ಮಿನೊಳಗೆ ನೀರು ಹೋಗಿರುತ್ತದೆ. ಹಗುರವಾಗಿ ಹಿಡಿದುಕೊಂಡೇ ಸ್ವಲ್ಪ ದೂರ ಓಡಿಸಿದರೆ ಬಿಸಿಗೆ ಒಣಗುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರುವ ಗಾಡಿಯಾದರೆ ಕೀಲಿ ತಿರುಗಿಸಿದಾಗ ಹೊತ್ತಿದ ಎಬಿಎಸ್ ದೀಪ ಸ್ವಲ್ಪ ವೇಗ ಬಂದ ಕೂಡಲೇ ಆರಬೇಕು.

ಚೈನ್ ಕವರಿನ ರಬ್ಬರ್ ಮುಚ್ಚಳವನ್ನು ಮರಳಿ ಒತ್ತಿದ್ದೇನೆ, ಟಾರ್ಕ್ ಲಿಂಕಿಗೆ ಹೊಸ ಪಿನ್ನು ಹಾಕಿ ಕಾಲುಗಳನ್ನು ಬಗ್ಗಿಸಿದ್ದೇನೆ. ಬೋರ್ಡಿನ ಮೇಲೆ ಇವತ್ತಿನ ಅಳತೆಗಳಿವೆ: ಚೈನು 25 ಮಿಲಿಮೀಟರ್, ಬ್ರೇಕ್ ಪೆಡಲ್ಲು 25, ಕ್ಲಚ್ಚು 15. ಗಾಡಿಯ ಯಜಮಾನರು ಅವನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ಹೊಸದಾಗಿ ಬಿಗಿದ ನಟ್ಟುಗಳು ಮೊದಲ ಓಟದಲ್ಲಿ ತುಸು ಕೂರುತ್ತವೆ, ಆದ್ದರಿಂದ ನಾಳೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುನ್ನ ಅವೇ ಜಾಗಗಳಲ್ಲಿ ಇನ್ನೊಮ್ಮೆ ಅಳೆದು, ಇವತ್ತಿನ ಅಂಕಿಗಳ ಪಕ್ಕದಲ್ಲೇ ನಾಳೆಯವನ್ನೂ ಬರೆಯಲು ಅವರಿಗೆ ಹೇಳಿದ್ದೇನೆ.